ಒಪ್ಪಿದ್ದು 200 ಪುಟ, ಆಗಿದ್ದು 304: ಹೆಚ್ಚಿನ ಹಣ ಕೇಳುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮನೆಯಿಂದಲೇ ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ. ನಮ್ಮೂರಿನ ಒಂದು ಪ್ರೌಢಶಾಲೆಯ ವಜ್ರ ಮಹೋತ್ಸವದ ಸ್ಮರಣ ಸಂಚಿಕೆಯ ಕೆಲಸ ಒಪ್ಪಿಕೊಂಡೆ. ‘ಸುಮಾರು 200 ಪುಟ, ಎರಡು ತಿಂಗಳ ಕೆಲಸ’ ಎಂದಿದ್ದರು. ಒಟ್ಟು 40,000 ರೂಪಾಯಿಗೆ ಮಾತಾಯಿತು. 10,000 ಮುಂಗಡ ಕೊಟ್ಟರು. ಕರಾರು ಪತ್ರ ಇಲ್ಲ, ವಾಟ್ಸಾಪ್ ಮಾತುಕತೆ ಮಾತ್ರ ಇದೆ. ಈಗ ಆರನೇ ತಿಂಗಳು. ಪುಟ 304 ಆಗಿದೆ, ಅದರಲ್ಲಿ 44 ಪುಟ ಜಾಹೀರಾತು. ಪೂರ್ತಿ ಪುಟದ ಜಾಹೀರಾತಿಗೆ ಸಮಿತಿ 5,000 ತೆಗೆದುಕೊಳ್ಳುತ್ತಿದೆ. ಆರು ಪ್ರೂಫ್ (ತಿದ್ದಲು ಕಳಿಸುವ ಕರಡು ಪ್ರತಿ) ಮುಗಿದಿವೆ, ಏಳನೆಯದು ಬರಲಿದೆ. 100 ಗಂಟೆ ಸಾಕು ಅಂದುಕೊಂಡಿದ್ದೆ, 230 ಗಂಟೆ ಆಗಿದೆ. ಲೆಕ್ಕದ ಹಾಳೆ ಜೊತೆಗಿಟ್ಟಿದ್ದೇನೆ. ಸಂಪಾದಕರು ನನ್ನ ಅಪ್ಪನಿಗೆ ಪಾಠ ಹೇಳಿದ ಮೇಷ್ಟ್ರು. ಹೆಚ್ಚು ಕೇಳಲು ಬಾಯಿ ಬರುತ್ತಿಲ್ಲ. ಕೇಳಬಹುದೇ? ಎಷ್ಟು ಕೇಳಲಿ? ಮುಂದಿನ ಕೆಲಸಕ್ಕೆ ದರ ಹೇಗೆ ಹಾಕಲಿ?

ಉತ್ತರ: ಕೇಳಬಹುದು, ಕೇಳಲೇಬೇಕು. ಆದರೆ ‘130 ಗಂಟೆ ಜಾಸ್ತಿ ಆಯಿತು, ಅಷ್ಟಕ್ಕೂ ದುಡ್ಡು ಕೊಡಿ’ ಅಂತ ಕೇಳಬೇಡಿ. ಆ 130 ಗಂಟೆಯನ್ನು ಪೂರ್ತಿ ಅವರ ತಲೆಗೆ ಕಟ್ಟಲು ಆಗುವುದಿಲ್ಲ. ಅದರಲ್ಲಿ ಒಂದಿಷ್ಟು ನಿಮ್ಮದು, ಒಂದಿಷ್ಟು ಅವರದು, ಇನ್ನೊಂದಿಷ್ಟು ಇಬ್ಬರದೂ. ಯಾವುದು ಯಾರದು ಅಂತ ಬಿಡಿಸಿ ಇಟ್ಟುಕೊಂಡರೆ ನಿಮಗೆ ಬಾಯಿ ತಾನಾಗಿ ಬರುತ್ತದೆ. ಈಗ ಬಾಯಿ ಕಟ್ಟಿರುವುದು ಮೇಷ್ಟ್ರ ಮೇಲಿನ ಗೌರವದಿಂದ ಮಾತ್ರ ಅಲ್ಲ ಅಂತ ನನಗೆ ಅನಿಸುತ್ತದೆ. ಕೇಳುವ ಮೊತ್ತ ನ್ಯಾಯವೋ ಅಲ್ಲವೋ ಅನ್ನುವುದು ನಿಮಗೇ ಇನ್ನೂ ಖಾತ್ರಿ ಇಲ್ಲ.

ನಾನು ಈ ಕೆಲಸಕ್ಕೆ ಬಂದು 22 ವರ್ಷ ಆಯಿತು. ಕಾದಂಬರಿ, ಕವನ ಸಂಕಲನ, ವಾರ್ಷಿಕ ವರದಿ, ಪಠ್ಯಪುಸ್ತಕ ಎಲ್ಲ ಮಾಡಿದ್ದೇನೆ. ಹೇಳಿದ ಹೊತ್ತಿಗೆ ಮುಗಿಯದೆ ಎಳೆಯುವುದರಲ್ಲಿ ಸ್ಮರಣ ಸಂಚಿಕೆ ಮತ್ತು ಅಭಿನಂದನ ಗ್ರಂಥ ಯಾವಾಗಲೂ ಮುಂದು. ಕಾದಂಬರಿಗೆ ಒಬ್ಬ ಲೇಖಕ. ಸಂಚಿಕೆಗೆ ನಲವತ್ತು ಐವತ್ತು ಲೇಖಕರು, ಅವರ ಮೇಲೆ ಒಂದು ಸಮಿತಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ನೆನಪು. ಒಂದು ಗುಂಪು ಫೋಟೋದಲ್ಲಿ ಒಬ್ಬರ ಹೆಸರು ಬಿಟ್ಟುಹೋದರೆ ಊರಲ್ಲಿ ಮನಸ್ತಾಪ. ಹಾಗಾಗಿ ಕೊನೇ ಗಳಿಗೆವರೆಗೂ ಬದಲಾವಣೆ ಬರುತ್ತಲೇ ಇರುತ್ತದೆ. ಅದು ಅವರ ತಪ್ಪಲ್ಲ, ಆ ಕೆಲಸದ ಗುಣವೇ ಹಾಗೆ. ಕೆಲಸದ ಗುಣ ಗೊತ್ತಿದ್ದ ಮೇಲೆ ದರವನ್ನೂ ಅದಕ್ಕೆ ತಕ್ಕ ಹಾಗೆ ಹಾಕಬೇಕು ಅಲ್ವಾ?

ಈಗ ನಿಮ್ಮ ಲೆಕ್ಕದ ಹಾಳೆಗೆ ಬರೋಣ. ದಿನಾಂಕ, ಗಂಟೆ, ಮಾಡಿದ ಕೆಲಸ ಎಲ್ಲ ಬರೆದಿಟ್ಟಿದ್ದೀರಿ. ಇದಕ್ಕೆ ನಿಮಗೊಂದು ದೊಡ್ಡ ಶಹಬ್ಬಾಸ್. ಹತ್ತರಲ್ಲಿ ಒಂಬತ್ತು ಮಂದಿ ಇದನ್ನು ಮಾಡುವುದಿಲ್ಲ, ಆಮೇಲೆ ‘ತುಂಬಾ ಕೆಲಸ ಆಯ್ತು ಸರ್’ ಅನ್ನುವುದರ ಆಚೆಗೆ ಏನೂ ಹೇಳಲಾರರು. ನಿಮ್ಮ 230 ಗಂಟೆಯನ್ನು ನಾನು ಹೀಗೆ ಬಿಡಿಸಿದೆ. ಮೊದಲು ಒಪ್ಪಿದ 200 ಪುಟ ಕಟ್ಟಿ ಎರಡು ಪ್ರೂಫ್ ಮುಗಿಸಲು 120 ಗಂಟೆ. ಆಮೇಲೆ ಸೇರಿದ 104 ಪುಟಕ್ಕೆ 50 ಗಂಟೆ. ಮೂರನೇ ಪ್ರೂಫಿನಿಂದ ಆರನೆಯದರವರೆಗೆ 40 ಗಂಟೆ. ಫೋನು, ಸಮಿತಿ ಸಭೆ, ಫೋಟೋ ಬೆನ್ನು ಹತ್ತಿದ್ದು 20 ಗಂಟೆ.

ಮೊದಲನೆಯದನ್ನು ನೋಡಿ. 100 ಗಂಟೆ ಅಂದುಕೊಂಡ ಕೆಲಸಕ್ಕೆ 120 ಆಗಿದೆ. ಪುಟ ಹೆಚ್ಚಾಗಿದ್ದಕ್ಕೆ ಅಲ್ಲ, ಪ್ರೂಫ್ ಹೆಚ್ಚಾಗಿದ್ದಕ್ಕೂ ಅಲ್ಲ. ಯಾಕೆ ಅಂತ ಹಾಳೆಯಲ್ಲಿ ನೀವೇ ಬರೆದಿದ್ದೀರಿ: ‘ನುಡಿ ಫೈಲ್ ಸರಿಮಾಡಿದ್ದು’. ನಮ್ಮ ಕೆಲಸದಲ್ಲಿ ಇರುವವರಿಗೆ ಈ ಮೂರು ಪದ ಸಾಕು. ಬೇರೆಯವರಿಗಾಗಿ ಹೇಳುತ್ತೇನೆ. ನುಡಿ ಅನ್ನುವುದು ಕನ್ನಡ ಟೈಪ್ ಮಾಡುವ ತಂತ್ರಾಂಶ. ಅದರ ಹಳೇ ಪದ್ಧತಿಯಲ್ಲಿ ಟೈಪ್ ಮಾಡಿದ ಫೈಲನ್ನು ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಕ್ಷರ ಪದ್ಧತಿಗೆ ತಂದಾಗ ಮೇಲುನೋಟಕ್ಕೆ ಎಲ್ಲ ಸರಿಯಾಗೇ ಕಾಣುತ್ತದೆ. ಓದಲು ಕೂತರೆ ‘ಸೂರ್ಯ’ದ ಅರ್ಕಾವತ್ತು ಜಾಗ ಬಿಟ್ಟು ಬೇರೆಲ್ಲೋ ಕೂತಿರುತ್ತದೆ. ಒಂದೆರಡು ಒತ್ತಕ್ಷರ ಕಾಣೆಯಾಗಿರುತ್ತವೆ. ನಡುವೆ ಇದ್ದ ಇಂಗ್ಲಿಷ್ ಪದಗಳು, ಇಮೇಲ್ ವಿಳಾಸಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳ ಸಾಲಾಗಿರುತ್ತವೆ. ಅದನ್ನು ಮಷೀನು ಹುಡುಕಿ ಕೊಡುವುದಿಲ್ಲ. ಕಣ್ಣಿಟ್ಟು ಸಾಲು ಸಾಲು ನೋಡಬೇಕು. 20 ಗಂಟೆ ಹೋಗಿದ್ದು ಅಲ್ಲಿ.

ಈ 20 ಗಂಟೆ ನಿಮ್ಮದು. ಬೇಜಾರು ಮಾಡಿಕೊಳ್ಳಬೇಡಿ. ದರ ಹೇಳುವ ಮುಂಚೆ ಎರಡು ಲೇಖನದ ಫೈಲ್ ತರಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡದೆ ಹೇಳಿದಿರಿ. ನಮ್ಮ ಅಂದಾಜು ತಪ್ಪಿದ್ದಕ್ಕೆ ಗಿರಾಕಿ ದುಡ್ಡು ಕೊಡಬೇಕಾಗಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದೆ ಕೇಳುವ ಮಾತಿಗೆ ತೂಕ ಬರುತ್ತದೆ.

ಅಂದಾಜು ತಪ್ಪುವುದು ನಿಮ್ಮೊಬ್ಬರ ಪಾಡಲ್ಲ. ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್‌ಸ್ಕಿ ಅನ್ನುವ ಇಬ್ಬರು ಮನೋವಿಜ್ಞಾನಿಗಳು 1979ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಕಾಹ್ನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಹೇಳಿಕೊಂಡ ಒಂದು ಅನುಭವ ನಮಗೆ ಬಹಳ ಹತ್ತಿರದ್ದು. ಇಸ್ರೇಲಿನಲ್ಲಿ ಅವರ ತಂಡ ಶಾಲೆಗೆ ಒಂದು ಪಠ್ಯಪುಸ್ತಕ ಬರೆಯುತ್ತಿತ್ತು. ಎಷ್ಟು ದಿನ ಬೇಕು ಅಂತ ಒಬ್ಬೊಬ್ಬರೂ ಚೀಟಿಯಲ್ಲಿ ಬರೆದರು. ಎಲ್ಲರ ಉತ್ತರವೂ ಹೆಚ್ಚುಕಡಿಮೆ ಎರಡು ವರ್ಷ. ಆಮೇಲೆ ತಂಡದಲ್ಲೇ ಇದ್ದ ಅನುಭವಿಯೊಬ್ಬರನ್ನು ಕೇಳಿದರು: ಇಂಥ ಪುಸ್ತಕಕ್ಕೆ ಬೇರೆ ತಂಡಗಳಿಗೆ ಎಷ್ಟು ವರ್ಷ ಹಿಡಿದಿದೆ? ಅವರು ಯೋಚಿಸಿ, ಏಳರಿಂದ ಹತ್ತು ವರ್ಷ, ಎಷ್ಟೋ ತಂಡಗಳು ಮುಗಿಸಲೇ ಇಲ್ಲ ಅಂದರು. ಆ ಅನುಭವಿ ಕೂಡ ಚೀಟಿಯಲ್ಲಿ ಎರಡು ವರ್ಷದ ಆಸುಪಾಸೇ ಬರೆದಿದ್ದರು! ಪುಸ್ತಕ ಮುಗಿಯಲು ಎಂಟು ವರ್ಷ ಆಯಿತು. ಗೊತ್ತಿದ್ದೂ ತಪ್ಪಿದರು, ಯಾಕೆಂದರೆ ಮುಂದಿನ ಕೆಲಸವನ್ನು ಊಹಿಸುವಾಗ ಹಿಂದಿನ ಕೆಲಸದ ಲೆಕ್ಕ ತೆಗೆದು ನೋಡಲಿಲ್ಲ. ನಿಮ್ಮ ಹತ್ತಿರ ಈಗ ಲೆಕ್ಕ ಇದೆ. 200 ಪುಟದ ಸಂಚಿಕೆಗೆ ನಿಮಗೆ ಬೇಕಾಗಿದ್ದು 120 ಗಂಟೆ. ಮುಂದಿನ ಸಲ 100 ಅಂತ ಮನಸ್ಸು ಹೇಳಿದರೂ ಕೈ 120 ಅಂತಲೇ ಬರೆಯಲಿ.

ಎರಡನೆಯದು 104 ಪುಟ. ಇದರಲ್ಲಿ ಅನುಮಾನವೇ ಇಲ್ಲ. ಇದು ಪೂರ್ತಿ ಅವರದು. ‘ಸುಮಾರು 200’ ಅಂದರೆ 210 ಆಗಬಹುದು, 220 ಆದರೂ ಸುಮ್ನೆ ಮಾಡಿಕೊಡಬಹುದು. 304 ಅನ್ನುವುದು ಯಾವ ಊರಿನ ಲೆಕ್ಕದಲ್ಲೂ ‘ಸುಮಾರು 200’ ಅಲ್ಲ. ಅದು ಒಂದೂವರೆ ಪುಸ್ತಕ. ಅಂಗಡಿಯಲ್ಲಿ ಎರಡು ಮೀಟರ್ ಬಟ್ಟೆಗೆ ದುಡ್ಡು ಕೊಟ್ಟು ಮೂರು ಮೀಟರ್ ಕತ್ತರಿಸಿ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಪುಟದ ವಿಷಯದಲ್ಲಿ ಬರುತ್ತದೆ, ಯಾಕೆಂದರೆ ಪುಟಕ್ಕೆ ಇಷ್ಟು ಅಂತ ನೀವು ಹೇಳಿರಲಿಲ್ಲ. ಒಟ್ಟು ಮೊತ್ತ ಹೇಳಿದಿರಿ. ಒಟ್ಟು ಮೊತ್ತ ಕೇಳಿದವರಿಗೆ ‘ಸಂಚಿಕೆ ಮುಗಿಯುವವರೆಗೂ’ ಅಂತ ಕೇಳಿಸುತ್ತದೆ.

ಜಾಹೀರಾತಿನ 44 ಪುಟವನ್ನಂತೂ ಬಿಡಲೇಬೇಡಿ. ಪೂರ್ತಿ ಪುಟಕ್ಕೆ 5,000 ಅಂದರೆ ಆ ಪುಟಗಳಿಂದ ಸಮಿತಿಗೆ ಎರಡು ಲಕ್ಷದ ಮೇಲೇ ಬರುತ್ತಿದೆ. ಬರಲಿ, ಶಾಲೆಗೆ ಒಳ್ಳೆಯದಾಗಲಿ. ಆದರೆ ಜಾಹೀರಾತಿನ ಪುಟ ಕಟ್ಟುವುದು ಲೇಖನದ ಪುಟಕ್ಕಿಂತ ಸಲೀಸಲ್ಲ. ಅಂಗಡಿಯವರು ವಿಸಿಟಿಂಗ್ ಕಾರ್ಡಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. 1,200 ಪಿಕ್ಸೆಲ್ ಅಗಲದ ಫೋಟೋ 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯ ಹಾಗೆ, ಮುದ್ರಿಸಿದರೆ ನಾಲ್ಕೇ ಇಂಚು ಬರುತ್ತದೆ. ಅದಕ್ಕಿಂತ ಹಿಗ್ಗಿಸಿದರೆ ಮುಖ ಮಸುಕು. ಹಾಗಾಗಿ ಲೋಗೋ ಮತ್ತೆ ಬರೆಯಬೇಕು, ಹೆಸರು ಮತ್ತೆ ಕೂರಿಸಬೇಕು, ಮಾಲೀಕರ ಫೋಟೋ ಇನ್ನೊಂದು ಸಲ ಕೇಳಬೇಕು. ದುಡ್ಡು ತರುವ ಪುಟಕ್ಕೆ ದುಡ್ಡು ಕೊಡಲು ಯಾವ ಖಜಾಂಚಿಯೂ ಬೇಸರಪಡುವುದಿಲ್ಲ. ಲೆಕ್ಕ ಅವರ ಮುಂದೆ ಇಡಬೇಕು ಅಷ್ಟೆ.

ಮೂರನೆಯದು ಪ್ರೂಫ್. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಎಲ್ಲ ಕೆಲಸವೂ ಎಳೆಯುವುದು ಇಲ್ಲೇ. ಪುಟ ಹೆಚ್ಚಾದರೆ ಕಣ್ಣಿಗೆ ಕಾಣುತ್ತದೆ. ತಿದ್ದುಪಡಿ ಕಾಣುವುದಿಲ್ಲ. ಮೇಷ್ಟ್ರು ‘ಇದೊಂದು ಸಣ್ಣ ಬದಲಾವಣೆ ಐತಿ ನೋಡವ್ವಾ’ ಅನ್ನುತ್ತಾರೆ. ಅವರ ಮಟ್ಟಿಗೆ ಅದು ನಿಜವಾಗಿಯೂ ಸಣ್ಣದೇ. 37ನೇ ಪುಟದಲ್ಲಿ ಎರಡು ಸಾಲು ಸೇರಿಸಿದರೆ ಆ ಲೇಖನದ ಕೊನೆಯ ಎರಡು ಸಾಲು ಮುಂದಿನ ಪುಟಕ್ಕೆ ಹಾರುತ್ತದೆ, ಅಲ್ಲಿಂದ ಮುಂದಿನ ಲೇಖನದ ಶೀರ್ಷಿಕೆ ಸರಿಯುತ್ತದೆ, ಫೋಟೋ ಒಂದು ಪುಟ, ಅದರ ಕೆಳಗಿನ ಬರಹ ಇನ್ನೊಂದು ಪುಟ ಆಗುತ್ತದೆ, ಪರಿವಿಡಿಯ ಸಂಖ್ಯೆ ಬದಲಾಗುತ್ತದೆ. ಅವರು ಪೆನ್ನಿನಲ್ಲಿ ಬರೆದಿದ್ದು ಹತ್ತು ಸೆಕೆಂಡು. ನಿಮಗೆ ಅರ್ಧ ಗಂಟೆ. ಇದು ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಅವರನ್ನು ದೂರುವಂತಿಲ್ಲ, ಯಾರೂ ಹೇಳಿಲ್ಲ.

ಎಷ್ಟು ಪ್ರೂಫ್ ಅಂತ ನೀವೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಆದ್ದರಿಂದ ಈ 40 ಗಂಟೆಯನ್ನು ಇಬ್ಬರೂ ಹಂಚಿಕೊಳ್ಳುವುದು ನ್ಯಾಯ ಅಂತ ನನ್ನ ಅಭಿಪ್ರಾಯ. ಬೇರೆ ತಜ್ಞರು ಪೂರ್ತಿ ಕೇಳಿ ಅನ್ನಬಹುದು. ನಾನು ಹಾಗೆ ಹೇಳುವುದಿಲ್ಲ. ನಾಲ್ಕನೇ ಪ್ರೂಫ್ ಬಂದಾಗ ನೀವು ಸುಮ್ಮನೆ ತೆಗೆದುಕೊಂಡಿರಿ. ಐದನೆಯದನ್ನೂ ತೆಗೆದುಕೊಂಡಿರಿ. ಅವರು ಇದೆಲ್ಲ 40,000ದೊಳಗೇ ಇದೆ ಅಂದುಕೊಂಡಿದ್ದರೆ ಅದಕ್ಕೆ ನಿಮ್ಮ ಮೌನವೂ ಕಾರಣ.

ಫೋನು, ಸಭೆಗಳ 20 ಗಂಟೆಯನ್ನು ಈ ಸಲ ಬಿಡಿ. ಅದನ್ನು ಕೇಳಲು ಹೋದರೆ ಉಳಿದದ್ದೂ ಜಗಳವಾಗುತ್ತದೆ.

ಈಗ ಮೊತ್ತ. ನಿಮ್ಮ ಮೊದಲ ಮಾತಿನ ಪ್ರಕಾರ 200 ಪುಟಕ್ಕೆ 40,000, ಅಂದರೆ ಪುಟಕ್ಕೆ 200 ರೂಪಾಯಿ. 100 ಗಂಟೆ ಅಂದುಕೊಂಡಿದ್ದರಿಂದ ಗಂಟೆಗೆ 400. ಈ ಎರಡು ದರವನ್ನೇ ಹಿಡಿಯಿರಿ, ಹೊಸ ದರ ತರಬೇಡಿ. ಹೆಚ್ಚಿನ 104 ಪುಟಕ್ಕೆ 20,800. ಪ್ರೂಫಿನ 40 ಗಂಟೆಯಲ್ಲಿ ಅರ್ಧ, 20 ಗಂಟೆಗೆ 8,000. ಒಟ್ಟು 28,800. ಮೊದಲಿನ 40,000 ಸೇರಿದರೆ 68,800 ಆಗುತ್ತದೆ. 230 ಗಂಟೆಗೆ ಭಾಗಿಸಿದರೆ ಗಂಟೆಗೆ 300ರ ಆಸುಪಾಸು. ಏನೂ ಕೇಳದೆ ಬಿಟ್ಟರೆ ಗಂಟೆಗೆ ಸಿಗುವುದು 174. ನೀವು ಅಂದುಕೊಂಡ 400 ಈ ಸಲ ಬರುವುದಿಲ್ಲ. ಆದರೆ 300ಕ್ಕೆ ಒಂದೊಂದು ರೂಪಾಯಿಯ ಲೆಕ್ಕವನ್ನೂ ನೀವು ಯಾರ ಮುಂದೆ ಬೇಕಾದರೂ ಕೊಡಬಹುದು.

ಹೇಳುವುದು ಹೇಗೆ? ಫೋನಿನಲ್ಲಿ ಬೇಡ. ಫೋನಿನಲ್ಲಿ ಮೇಷ್ಟ್ರ ದನಿ ಕೇಳಿದ ಕೂಡಲೇ ನೀವು ‘ಪರವಾಗಿಲ್ಲ ಸರ್’ ಅಂದುಬಿಡುತ್ತೀರಿ. ಬರೆದು ಕಳಿಸಿ. ಆಮೇಲೆ ಬೇಕಾದರೆ ಹೋಗಿ ಮಾತಾಡಿ. ನಾನಾದರೆ ಹೀಗೆ ಬರೆಯುತ್ತೇನೆ:

‘ನಮಸ್ಕಾರ ಸರ್. ಸಂಚಿಕೆ ಚೆನ್ನಾಗಿ ಬರುತ್ತಿದೆ, ನಿಮ್ಮ ಜೊತೆ ಕೆಲಸ ಮಾಡುತ್ತಿರುವುದು ನನಗೆ ಖುಷಿ. ಏಳನೇ ಪ್ರೂಫ್ ಶುರು ಮಾಡುವ ಮುಂಚೆ ಲೆಕ್ಕದ ವಿಷಯ ನಿಮ್ಮ ಗಮನಕ್ಕೆ ತರಬೇಕಿತ್ತು. ನಾವು ಮಾತಾಡಿದ್ದು 200 ಪುಟಕ್ಕೆ 40,000. ಈಗ 304 ಪುಟ ಆಗಿದೆ. ಹೆಚ್ಚಿನ 104 ಪುಟಕ್ಕೆ ಅದೇ ದರದಲ್ಲಿ 20,800 ಆಗುತ್ತದೆ. ಮೂರನೇ ಪ್ರೂಫಿನಿಂದ ಆರನೆಯದರವರೆಗೆ 40 ಗಂಟೆ ಹಿಡಿದಿದೆ. ಪ್ರೂಫ್ ಎಷ್ಟು ಅಂತ ನಾನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಹಾಗಾಗಿ ಅರ್ಧ ಮಾತ್ರ, 8,000 ಹಾಕಿದ್ದೇನೆ. ಹಳೇ ಫೈಲುಗಳನ್ನು ಸರಿಮಾಡಿದ ಸಮಯಕ್ಕೆ ಏನೂ ಹಾಕಿಲ್ಲ. ವಿವರದ ಹಾಳೆ ಜೊತೆಗಿದೆ. ಏಳನೇ ಪ್ರೂಫನ್ನು ಈ ಲೆಕ್ಕದಲ್ಲೇ ಮುಗಿಸಿಕೊಡುತ್ತೇನೆ. ಅದರ ನಂತರದ ತಿದ್ದುಪಡಿಗೆ ಗಂಟೆಗೆ 400 ಆಗುತ್ತದೆ. ಸಮಿತಿಯಲ್ಲಿ ಮಾತಾಡಿ ತಿಳಿಸಿ ಸರ್.’

ಇದನ್ನು ಮೇಷ್ಟ್ರಿಗೂ ಕಳಿಸಿ, ಖಜಾಂಚಿಗೂ ಕಳಿಸಿ. ಮೇಷ್ಟ್ರು ಸಂಪಾದಕರು. ದುಡ್ಡು ಅವರ ಕೈಯಲ್ಲಿಲ್ಲ. ಅವರೊಬ್ಬರಿಗೇ ಹೇಳಿದರೆ ಅವರನ್ನೇ ಇಕ್ಕಟ್ಟಿಗೆ ಸಿಕ್ಕಿಸಿದ ಹಾಗಾಗುತ್ತದೆ. ಹಾಳೆ ಕೈಯಲ್ಲಿದ್ದರೆ ಅವರು ಸಮಿತಿಯಲ್ಲಿ ‘ಹುಡುಗಿ ಸರಿಯಾಗೇ ಕೇಳಿದ್ದಾಳೆ’ ಅನ್ನಬಹುದು. ಗೌರವ ಇರುವ ಕಡೆ ಲೆಕ್ಕ ಇನ್ನೂ ಚೊಕ್ಕವಾಗಿರಬೇಕು ಅನ್ನುವುದು ನಾನು ಕಂಡುಕೊಂಡದ್ದು. ಇಲ್ಲದಿದ್ದರೆ ದುಡ್ಡಿನ ಜೊತೆ ಗೌರವವೂ ಹೋಗುತ್ತದೆ. ನೀವು ಒಳಗೊಳಗೇ ಕುದಿಯುತ್ತೀರಿ, ಅವರಿಗೆ ಕಾರಣವೇ ಗೊತ್ತಿರುವುದಿಲ್ಲ.

ಸಮಿತಿಯವರು ‘ಬರಹದಲ್ಲಿ ಎಲ್ಲಿದೆ?’ ಅನ್ನಬಹುದು. ಕಾನೂನು ನಿಮ್ಮ ಕಡೆ ಒಂದು ಮಾತು ಹೇಳುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಮಿನ ಸಾರ ಇಷ್ಟು: ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಒಬ್ಬರು ಇನ್ನೊಬ್ಬರಿಗೆ ನ್ಯಾಯವಾಗಿ ಒಂದು ಕೆಲಸ ಮಾಡಿಕೊಟ್ಟು, ಆ ಇನ್ನೊಬ್ಬರು ಅದರ ಲಾಭ ಪಡೆದರೆ, ಅದಕ್ಕೆ ಪರಿಹಾರ ಕೊಡಬೇಕು. 104 ಪುಟ ಅವರ ಪುಸ್ತಕದಲ್ಲಿ ಇದೆ. ಆ ಪುಟಗಳನ್ನು ಕಳಿಸಿ ‘ಇದನ್ನೂ ಸೇರಿಸಿ’ ಅಂದ ವಾಟ್ಸಾಪ್ ಸಂದೇಶಗಳಿವೆ. ಅವನ್ನು ಇವತ್ತೇ ತೆಗೆದಿಟ್ಟುಕೊಳ್ಳಿ. ಆದರೆ ಕಲಮಿನ ಸಂಖ್ಯೆಯನ್ನು ಮೇಷ್ಟ್ರಿಗೆ ಬರೆಯುವ ಕಾಗದದಲ್ಲಿ ಹಾಕಬೇಡಿ. 28,800 ರೂಪಾಯಿಗೆ ಕೋರ್ಟಿಗೆ ಹೋಗುವುದು ಲಾಭದ ಕೆಲಸವೂ ಅಲ್ಲ. ನೀವು ದಾನ ಕೇಳುತ್ತಿಲ್ಲ ಅನ್ನುವುದು ನಿಮಗೆ ಗೊತ್ತಿರಲಿ ಅಂತ ಹೇಳಿದೆ.

ಇನ್ನೊಂದು ಸಾಧ್ಯತೆ ಇದೆ. ಅವರು ಚೌಕಾಸಿ ಮಾಡಬಹುದು, ‘ಶಾಲೆಯ ಕೆಲಸ, ಸ್ವಲ್ಪ ನೋಡಿ ಮಾಡವ್ವಾ’ ಅನ್ನಬಹುದು. ಬಿಡಬೇಕು ಅನಿಸಿದರೆ ಬಿಡಿ, ಅದು ನಿಮ್ಮ ಖುಷಿ. ಆದರೆ ಬಿಲ್ಲಿನಲ್ಲಿ ಮೊದಲು ಪೂರ್ತಿ ಮೊತ್ತ ಬರೆದು ಅದರ ಕೆಳಗೆ ‘ಶಾಲೆಗಾಗಿ ರಿಯಾಯಿತಿ’ ಅಂತ ಬೇರೆ ಸಾಲಿನಲ್ಲಿ ಕಳೆಯಿರಿ. ಒಟ್ಟು ಮೊತ್ತವನ್ನೇ ಇಳಿಸಿ ಬರೆದರೆ ಮುಂದೆ ಬೆಳ್ಳಿ ಹಬ್ಬ ಮಾಡುವ ಇನ್ನೊಂದು ಶಾಲೆಯವರು ಆ ಬಿಲ್ ಹಿಡಿದುಕೊಂಡೇ ನಿಮ್ಮ ಮನೆಗೆ ಬರುತ್ತಾರೆ. ನಮ್ಮ ಊರುಗಳಲ್ಲಿ ದರ ಹರಡುವುದು ಹಾಗೇ.

ನನ್ನದೂ ಒಂದು ಅನುಭವ ಹೇಳಿಬಿಡುತ್ತೇನೆ. ಶುರುವಿನ ವರ್ಷಗಳಲ್ಲಿ ಒಂದು ಅಭಿನಂದನ ಗ್ರಂಥ ಒಪ್ಪಿಕೊಂಡಿದ್ದೆ. ನಿಮ್ಮ ಹಾಗೇ ಒಟ್ಟು ಮೊತ್ತ, ಬಾಯಿಮಾತು. ಒಂಬತ್ತನೇ ಪ್ರೂಫಿನಲ್ಲಿ ಕುಟುಂಬದ ಒಂದು ಫೋಟೋದ ಕೆಳಗೆ ನಿಂತವರ ಹೆಸರನ್ನು ಎಡದಿಂದ ಬಲಕ್ಕೆ ಬರೆಯಬೇಕೋ ಬಲದಿಂದ ಎಡಕ್ಕೋ ಅಂತ ಮೂರು ಸಲ ಬದಲಾಯಿಸಿದರು. ಆ ರಾತ್ರಿ ಎರಡು ಗಂಟೆಗೆ ಫೈಲ್ ಮುಚ್ಚುವಾಗ ಕೈ ನಡುಗುತ್ತಿತ್ತು. ಆದರೂ ಒಂದು ಮಾತು ಕೇಳಲಿಲ್ಲ. ಅವರೇ ತಿಳಿದು ಕೊಡುತ್ತಾರೆ ಅಂದುಕೊಂಡೆ. ಬಿಡುಗಡೆಯ ದಿನ ವೇದಿಕೆಗೆ ಕರೆದು ಶಾಲು ಹೊದಿಸಿದರು, ಪ್ರೀತಿಯಿಂದಲೇ ಹೊದಿಸಿದರು. ದುಡ್ಡು ಒಪ್ಪಿದಷ್ಟೇ ಬಂತು. ನಾನು ಹೇಳದೆ ಅವರಿಗೆ ತಿಳಿಯುವುದಾದರೂ ಹೇಗೆ? ಆ ಸಿಟ್ಟಿನಲ್ಲಿ ಅವರ ಮುಂದಿನ ಎರಡು ಪುಸ್ತಕ ಬೇಡ ಅಂದೆ. ಕೇಳಿದ್ದರೆ ಆ ಎರಡು ಪುಸ್ತಕವಾದರೂ ಕೈಯಲ್ಲಿ ಇರುತ್ತಿತ್ತು.

ಇನ್ನು ಮುಂದಿನ ಕೆಲಸ. ಗಂಟೆಯ ಲೆಕ್ಕದಲ್ಲಿ ದರ ಹಾಕಿ ಅಂತ ಬಹಳ ಜನ ಸಲಹೆ ಕೊಡುತ್ತಾರೆ. ಗಂಟೆಯ ದರ ನ್ಯಾಯವೇ, ಆದರೆ ನಮ್ಮ ಗಿರಾಕಿಗೆ ಅದು ಭಯ ಹುಟ್ಟಿಸುತ್ತದೆ. ಕೊನೆಗೆ ಎಷ್ಟಾಗುತ್ತದೋ ಅನ್ನುವ ಚಿಂತೆ ಅವರಿಗೆ. ನಿಮಗೂ ಒಂದು ನಷ್ಟ ಇದೆ, ಕೈ ಪಳಗಿ ಬೇಗ ಮಾಡಿದಷ್ಟೂ ಕಡಿಮೆ ಸಿಗುತ್ತದೆ. ಬರೀ ಒಟ್ಟು ಮೊತ್ತ ಹೇಳಿದರೆ ಏನಾಗುತ್ತದೆ ಅಂತ ಈಗ ನೋಡಿದಿರಿ. ಮಲೆನಾಡಿನಲ್ಲಿ ಅಡಿಕೆ ಸುಲಿಯುವವರು ಇದಕ್ಕೆ ಹಿಂದಿನಿಂದಲೂ ದಾರಿ ಕಂಡುಕೊಂಡಿದ್ದಾರೆ. ಸುಲಿದಷ್ಟಕ್ಕೆ ಅಳತೆಯ ಮೇಲೆ ಕೂಲಿ. ತೋಟದವರ ಬೆಳೆ ಜಾಸ್ತಿ ಬಂದರೆ ಕೂಲಿಯೂ ಜಾಸ್ತಿ, ಯಾರೂ ವಾದ ಮಾಡುವುದಿಲ್ಲ. ನಿಮ್ಮ ಕೆಲಸಕ್ಕೂ ಹಾಗೆ ಎಣಿಸಲು ಬರುವ ಒಂದು ಅಳತೆ ಬೇಕು. ನಮಗೆ ಪುಟ. ಅನುವಾದಕರಿಗೆ ಪದ. ವಿಡಿಯೋ ಎಡಿಟಿಂಗ್ ಮಾಡುವವರಿಗೆ ಮುಗಿದ ವಿಡಿಯೋದ ನಿಮಿಷ. ಎಣಿಸಲು ಬಾರದ ಭಾಗಕ್ಕೆ ಮಾತ್ರ ಗಂಟೆಯ ದರ. ನಾನು ಈಗ ಮಾಡುವುದು ಇದನ್ನೇ. ಪುಟಕ್ಕೆ ಇಷ್ಟು, ಅದರಲ್ಲಿ ಎರಡು ಪ್ರೂಫ್ ಸೇರಿದೆ, ಮೂರನೆಯದರಿಂದ ಗಂಟೆಗೆ ಇಷ್ಟು.

ಒಂದೇ ಹಾಳೆಯಲ್ಲಿ ಇದನ್ನು ಬರೆದು ಕಳಿಸಿ. ಒಕ್ಕಣೆ ವಕೀಲರ ಹಾಗಿರಬೇಕಾಗಿಲ್ಲ. ಪುಸ್ತಕದ ಅಳತೆ, ಡೆಮಿಯೋ ಕ್ರೌನೋ. ಪುಟ ಎಷ್ಟು, ಹೆಚ್ಚಾದರೆ ದರ ಎಷ್ಟು. ಲೇಖನಗಳು ಯೂನಿಕೋಡಿನಲ್ಲಿ ಬರಬೇಕು, ಹಳೇ ಫೈಲ್ ಆದರೆ ಅದನ್ನು ಸರಿಮಾಡಲು ಪುಟಕ್ಕೆ ಇಷ್ಟು ಬೇರೆ. ತಿದ್ದುಪಡಿಗಳು ಒಬ್ಬರ ಕೈಯಿಂದಲೇ ಬರಬೇಕು. ಈ ಕೊನೆಯದಕ್ಕೆ ಒತ್ತು ಕೊಡಿ. ಸಮಿತಿಯ ಐವರು ಐದು ಕಡೆಯಿಂದ ಕಳಿಸಿದರೆ ಒಬ್ಬರು ತೆಗೆಸಿದ್ದನ್ನು ಇನ್ನೊಬ್ಬರು ಸೇರಿಸುತ್ತಾರೆ. ಎಲ್ಲರೂ ತಿದ್ದಿದ ಒಂದೇ ಪ್ರತಿ, ಅದರ ಮೇಲೆ ಸಂಪಾದಕರ ಸಹಿ. ಇಷ್ಟು ಬರೆದ ಮೇಲೆ ನನ್ನ ಪ್ರೂಫುಗಳ ಸಂಖ್ಯೆ ತಾನಾಗಿ ಇಳಿಯಿತು. ಮೂರನೇ ಪ್ರೂಫಿಗೆ ದುಡ್ಡಿದೆ ಅಂತ ಗೊತ್ತಾದರೆ ಮೊದಲ ಪ್ರೂಫನ್ನೇ ಜನ ಗಮನ ಕೊಟ್ಟು ಓದುತ್ತಾರೆ. ಪುಸ್ತಕಕ್ಕೂ ಅದು ಒಳ್ಳೆಯದು.

ಕಾಯುವುದಕ್ಕೂ ಒಂದು ಸಾಲು ಬೇಕು. ನಿಮ್ಮ ಆರು ತಿಂಗಳಲ್ಲಿ ಕೆಲಸ ನಡೆದ ದಿನಗಳಿಗಿಂತ ಲೇಖನ, ಫೋಟೋಗಳಿಗಾಗಿ ಕಾದ ದಿನಗಳೇ ಜಾಸ್ತಿ ಇರಬೇಕು. ಕಾಯುವಾಗ ಗಂಟೆ ಓಡುವುದಿಲ್ಲ ನಿಜ. ಆದರೆ ಆ ಎರಡು ತಿಂಗಳಿಗೆ ಅಂತ ನೀವು ಬೇರೆ ಕೆಲಸ ಬಿಟ್ಟಿರುತ್ತೀರಿ. ತಿಂಗಳು ಬಿಟ್ಟು ಫೈಲ್ ತೆರೆದರೆ ಎಲ್ಲಿ ನಿಲ್ಲಿಸಿದ್ದೆ ಅಂತ ಹುಡುಕಲೇ ಅರ್ಧ ದಿನ ಬೇಕು. ನಾನು ಬರೆಯುವುದು ಹೀಗೆ: ‘30 ದಿನ ನಿಮ್ಮ ಕಡೆಯಿಂದ ಏನೂ ಬರದಿದ್ದರೆ ಅಲ್ಲಿಯವರೆಗಿನ ಕೆಲಸದ ಬಿಲ್ ಕಳಿಸುತ್ತೇನೆ. ಮತ್ತೆ ಶುರುವಾದಾಗ ನನ್ನ ಬಿಡುವು ನೋಡಿ ಹೊಸ ದಿನಾಂಕ ಹೇಳುತ್ತೇನೆ.’ ದಂಡ ಹಾಕುವುದಿಲ್ಲ. ಬಿಲ್ ಕಳಿಸುತ್ತೇನೆ ಅನ್ನುವ ಮಾತೇ ಸಾಕಾಗುತ್ತದೆ.

ಹಣ ಕಂತಿನಲ್ಲಿ ಬರಲಿ. ನೀವು 40,000ಕ್ಕೆ 10,000 ಮಾತ್ರ ಮುಂಗಡ ತೆಗೆದುಕೊಂಡು ಆರು ತಿಂಗಳು ಕೆಲಸ ಮಾಡಿದ್ದೀರಿ. ಅಂದರೆ ಈಗ ನೀವೇ ಆ ಸಮಿತಿಗೆ ಸಾಲ ಕೊಟ್ಟ ಹಾಗಾಯಿತು. ಶೇ 40 ಮುಂಗಡ, ಮೊದಲ ಪ್ರೂಫ್ ಕೊಟ್ಟ ದಿನ ಶೇ 30, ಮುದ್ರಣದ ಫೈಲ್ ಕೊಡುವ ಮುಂಚೆ ಉಳಿದದ್ದು. ಕೊನೆಯ ಕಂತನ್ನು ಬಿಡುಗಡೆ ಸಮಾರಂಭಕ್ಕೆ ಕಟ್ಟಬೇಡಿ. ಮಂತ್ರಿಗಳ ದಿನಾಂಕ ಸಿಗಲಿಲ್ಲ ಅಂತ ಸಮಾರಂಭ ಮುಂದೆ ಹೋದರೆ ನಿಮ್ಮ ದುಡ್ಡೂ ಮುಂದೆ ಹೋಗುತ್ತದೆ.

ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲಿಸುವುದು) ಮಾಡಿಸಿಲ್ಲ ಅಂದರೆ ಮಾಡಿಸಿಬಿಡಿ. ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ. ಹಣ ಕೇಳುವವರು ಯಾರಾದರೂ ಇದ್ದರೆ ಅದು ನಡುವಿನವರು. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ನೋಂದಾಯಿತ ಸಣ್ಣ ಉದ್ಯಮಕ್ಕೆ ಬಾಕಿಯನ್ನು ಒಪ್ಪಂದದಲ್ಲಿ ಹೆಚ್ಚು ದಿನ ಬರೆದಿದ್ದರೂ 45 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ನೋಂದಣಿ ಆಗಿರಬೇಕು, ಆಮೇಲೆ ಮಾಡಿಸಿಕೊಂಡು ಹಳೇ ಬಾಕಿಗೆ ಕೇಳಲು ಹೋದರೆ ತಕರಾರು ಬರುತ್ತದೆ. ಇದು ತಡವಾದ ಹಣಕ್ಕೆ ಸಿಗುವ ರಕ್ಷಣೆ. ಕಡಿಮೆ ಹೇಳಿದ ದರಕ್ಕೆ ಯಾವ ಕಾಯ್ದೆಯೂ ಮದ್ದಲ್ಲ.

ತೆರಿಗೆಯ ಒಂದು ಸಣ್ಣ ವಿಷಯ. ಒಟ್ಟು ಮೊತ್ತ ಈಗ 50,000 ದಾಟುತ್ತದೆ. ಶಾಲೆಯ ಟ್ರಸ್ಟಿನವರು ಇದನ್ನು ವೃತ್ತಿಪರ ಶುಲ್ಕ ಅಂತ ಲೆಕ್ಕ ಹಿಡಿದರೆ ಶೇ 10 ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯಬಹುದು. ಅದು ಹೋದ ದುಡ್ಡಲ್ಲ. ನಿಮ್ಮ ಪಾನ್ ಸಂಖ್ಯೆಗೆ ಜಮೆಯಾಗುತ್ತದೆ, ರಿಟರ್ನ್ಸ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ. ಬ್ಯಾಂಕಿಗೆ ಕಡಿಮೆ ಬಂತು ಅಂತ ಮೇಷ್ಟ್ರಿಗೆ ಫೋನ್ ಮಾಡುವ ಮುಂಚೆ ಇದನ್ನು ನೋಡಿಕೊಳ್ಳಿ.

ನಾಳೆ ಬೆಳಿಗ್ಗೆ ಆ ಸಂದೇಶ ಕಳಿಸಿ. ಏಳನೇ ಪ್ರೂಫ್ ಕೈಗೆ ಬಂದ ಮೇಲೆ ಅಲ್ಲ, ಬರುವ ಮುಂಚೆ. ಉತ್ತರ ಬರುವವರೆಗೆ ಫೈಲ್ ಮುಟ್ಟಬೇಡಿ, ಎರಡು ದಿನ ಬಿಡುವು ತೆಗೆದುಕೊಳ್ಳಿ. ಮತ್ತೆ ಮುದ್ರಣಾಲಯಕ್ಕೆ ಒಂದು ಫೋನ್ ಮಾಡಿ. ಮುದ್ರಣದಲ್ಲಿ ಪುಟಗಳನ್ನು ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಹಾಕಿ ಮಡಿಸುತ್ತಾರೆ, ಆ ಕಟ್ಟಿಗೆ ಫಾರಂ ಅನ್ನುತ್ತಾರೆ. 304 ಪುಟ ಅಂದರೆ 16 ಪುಟದ ಲೆಕ್ಕದಲ್ಲಿ ಸರಿಯಾಗಿ 19 ಫಾರಂ. ಇನ್ನೊಂದು ಪುಟ ಸೇರಿದರೂ ಇಪ್ಪತ್ತನೇ ಫಾರಂ ಶುರುವಾಗುತ್ತದೆ, ಕಾಗದದ ಖರ್ಚು ಏರುತ್ತದೆ, ಮುಖಪುಟದ ಬೆನ್ನಿನ ಅಗಲವೂ ಬದಲಾಗುತ್ತದೆ. ಇದನ್ನು ಖಜಾಂಚಿಗೆ ಹೇಳಿ. ಪುಟ ಅಲ್ಲಿಗೇ ನಿಲ್ಲಿಸುವ ಕೆಲಸವನ್ನು ಅವರೇ ನೋಡಿಕೊಳ್ಳುತ್ತಾರೆ.